ಲಕ್ವ ಇಲ್ಲದ ಕಾಲದವರು

ವಿಜಯನಗರದ ನಮ್ಮ ಪಾರ್ಕಿಗೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬರುತ್ತಿದ್ದರು. ವಾಕಿಂಗ್ ಮಾಡುತ್ತಿರಲಿಲ್ಲ. ಕಲ್ಲುಬೆಂಚಿನಲ್ಲಿ ಕೂತು, ಕಾಲೆಳೆದುಕೊಂಡು ನಡೆಯುವವರ ಕಡೆ ಮಡಿಚಿದ ಪೇಪರ್ ಚಾಚುತ್ತಿದ್ದರು. "ನೋಡಿ ಸಾರ್, ಎಲ್ಲಾ ಲಕ್ವದ ಗಿರಾಕಿಗಳು. ನಮ್ ಕಾಲದಲ್ಲಿ ಹೀಗೆ ಒಬ್ರೂ ಕಾಣ್ತಿರ್ಲಿಲ್ಲ." ಇದಕ್ಕೆಲ್ಲ ಪ್ಯಾಕೆಟ್ ಹಾಲೇ ಕಾರಣವೆಂಬುದು ಅವರ ಸಂಶೋಧನೆ.

ಅವರ ತಂದೆ ಹೇಗೆ ತೀರಿಕೊಂಡರೆಂದು ಒಮ್ಮೆ ಕೇಳಿದೆ.

"ಬಾಯಿ ಸೊಟ್ಟಗಾಯ್ತು, ಕೈ ಬಿದ್ದೋಯ್ತು. ಪಾರಿವಾಳದ ರಕ್ತ ತಿಕ್ಕಿದ್ವಿ, ಮೂರೇ ದಿನಕ್ಕೆ ಹೋಗ್ಬಿಟ್ರು. ಅದು ಲಕ್ವ ಅಲ್ಲ ಕಣ್ರೀ, ಗಾಳಿ ಸೋಕಿದ್ದು!"

ಹೋದ ವರ್ಷ ಅದೇ ಬೆಂಚಿನ ಮೇಲೆ ಅವರ ಬಾಯಿಯೂ ಸೊಟ್ಟಗಾಯಿತು, ಪೇಪರ್ ಕೈಜಾರಿತು. ಗುರುತು ಹಿಡಿದು ಕೂಗಿದವರು ಆ ಗಿರಾಕಿಗಳಲ್ಲೇ ಒಬ್ಬರು: "ಲಕ್ವ ಹೊಡೀತಿದೆ, ಬೇಗ ಆಟೋ ಹಿಡೀರಿ!" ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಬಿತ್ತು.

ಎರಡು ತಿಂಗಳ ಮೇಲೆ ಮಾಸ್ತರರು ಊರುಗೋಲು ಹಿಡಿದು ಪಾರ್ಕಿಗೆ ಬಂದರು. ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡು, ಆ ಊರುಗೋಲನ್ನೇ ಎತ್ತಿ ನಡೆಯುವವರ ಕಡೆ ಚಾಚಿದರು.

"ಎಷ್ಟು ಜಾಸ್ತಿ ಆಗ್ಬಿಟ್ರು ನೋಡಿ. ನಮ್ ಕಾಲದಲ್ಲಿ ಒಬ್ರೂ ಕಾಣ್ತಿರ್ಲಿಲ್ಲ."

"ಆ ಕಾಲದಲ್ಲಾಗಿದ್ರೆ ನೀವೂ ಕಾಣ್ತಿರ್ಲಿಲ್ಲ ಸಾರ್," ಅಂದೆ.

ಸೊಟ್ಟ ತುಟಿಯಲ್ಲೇ ನಕ್ಕರು. "ನಂದು ಲಕ್ವ ಅಲ್ಲ ಕಣ್ರೀ, ಗಾಳಿ."