ಅಳಿಯನ ಕೊರಳಿನ ಹುಲಿಯುಗುರು

ನಮ್ಮ ಮದುವೆಯಲ್ಲಿ ಅಪ್ಪ ಅಳಿಯನ ಕೊರಳಿಗೆ ಬಂಗಾರದ ಕಟ್ಟು ಹಾಕಿಸಿದ ಹುಲಿಯುಗುರು ಹಾಕಿದ್ದ. "ನಮ್ಮ ಮುತ್ಯಾನ ಕಾಲದ್ದು, ಅಳಿಯಂದಿರ" ಎಂದು ಹಂದರದಲ್ಲಿ ನಾಲ್ಕು ಜನ ಕೇಳುವಂತೆ ಹೇಳಿದ್ದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಗಂಡ ಅದು ಕಾಣಲೆಂದೇ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದರು.

ಹುಲಿಯುಗುರು ಹಾಕಿಕೊಂಡವರನ್ನು ಅರಣ್ಯ ಇಲಾಖೆಯವರು ಹಿಡಿದೊಯ್ಯುವ ಸುದ್ದಿ ಟಿ.ವಿ.ಯಲ್ಲಿ ಶುರುವಾದ ದಿನ, ಅವರು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಮನೆಗೆ ಬಂದರು. ಪೇಟೆಯಲ್ಲಿ ಎಲ್ಲರೂ ಒಬ್ಬರ ಕೊರಳನ್ನು ಒಬ್ಬರು ನೋಡುತ್ತಿದ್ದಾರೆ ಎಂದರು. ಎದುರಿನ ಅಂಗಡಿಯವನು ಸುಮ್ಮನೆ ಫೋನ್ ಎತ್ತಿದರೂ ತಮ್ಮ ಫೋಟೊ ತೆಗೆದನೇನೋ ಎಂದು ಅವರಿಗೆ ಅನುಮಾನ. ಅತ್ತೆ ಮದುವೆಯ ಆಲ್ಬಮ್ಮನ್ನು ಟ್ರಂಕಿನ ತಳಕ್ಕೆ ಸೇರಿಸಿದರು. ಉಗುರನ್ನು ನಾನು ಖಾರಪುಡಿಯ ಡಬ್ಬಿಯಲ್ಲಿ ಹುಗಿದಿಟ್ಟೆ.

ಊಟಕ್ಕೆ ಕುಳಿತಾಗ ಮೈದುನ ಕೇಳಿದ: "ವೈನಿ, ಅದು ಖರೇ ಹುಲೀದು ಐತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಖರೇ ಇದ್ರ ನನ್ನ ಮಗನ್ನ ಒಯ್ತಾರ. ಇಲ್ಲಾಂದ್ರ ಬೀಗರು ನಮಗ ಟೋಪಿ ಹಾಕ್ಯಾರ ಅಂದಂಗಾತು."

ಹೀಗೆಂದವರು ನನ್ನ ಕಡೆ ನೋಡಲಿಲ್ಲ. ಅದು ಅಸಲಿಯಾದರೂ ನಕಲಿಯಾದರೂ ಆ ಮನೆಯಲ್ಲಿ ಅಪ್ಪನ ಮಾನ ಉಳಿಯುವಂತಿರಲಿಲ್ಲ.

ನನಗೂ ಒಳಗೊಳಗೇ ಒಂದು ಅನುಮಾನ ಇತ್ತು. ಮೇಡ್ಲೇರಿಯ ನಮ್ಮ ಮನೆಯಲ್ಲಿ ನಾನು ತೆರೆದು ನೋಡದ ಪೆಟ್ಟಿಗೆ ಇರಲಿಲ್ಲ. ದೀಪಾವಳಿಯ ಪೂಜೆಗೆ ಅವ್ವ ಇದ್ದಬದ್ದ ಒಡವೆಗಳನ್ನೆಲ್ಲ ತಟ್ಟೆಯಲ್ಲಿಡುತ್ತಿದ್ದಳು. ಅದರಲ್ಲಿ ಒಮ್ಮೆಯೂ ಉಗುರು ಕಂಡಿರಲಿಲ್ಲ.

ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

"ಅಪ್ಪಾ, ಆ ಉಗುರು ಎಲ್ಲಿಂದ ತಂದಿದ್ದಿ?"

"ಮುತ್ಯಾಂದು ಅಂತ ಹೇಳೇನಲ್ಲ."

"ನಾ ಒಮ್ಮೆನೂ ನೋಡಿಲ್ಲ."

"ಎಲ್ಲಾನೂ ನಿನಗ ತೋರಿಸೇ ಇಡಬೇಕಿತ್ತೇನು?" ಎಂದವನು ದನಿ ತಗ್ಗಿಸಿ, "ಆ ಮನ್ಯಾಗ ನಿನಗ ಯಾರರ ಏನರ ಅಂದ್ರೇನು?" ಎಂದು ಕೇಳಿದ.

ಇಲ್ಲ ಎಂದೆ. ಅವನು ನನ್ನ ಮಾತು ನಂಬಲಿಲ್ಲ, ನಾನೂ ಅವನದನ್ನು ನಂಬಿರಲಿಲ್ಲ. ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ. "ಗಂಡಸರ ವ್ಯವಹಾರ, ನನಗೇನ ಗೊತ್ತು" ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು.

ವಾಪಸು ಬಂದು, ಉಗುರನ್ನು ನಾವೇ ಒಯ್ದು ಅರಣ್ಯ ಇಲಾಖೆಗೆ ಒಪ್ಪಿಸೋಣ ಎಂದೆ.

"ನಾವಾಗೇ ಹೋಗಿ ಸಿಕ್ಕೊಳ್ಳೂದೇನು?" ಎಂದರು ಗಂಡ.

"ಯಾರರ ಚಾಡಿ ಹೇಳಿ ಅವರು ಮನಿಗೆ ಬರೂದಕ್ಕಿಂತ ಇದು ಚೊಲೋ ರಿ."

ಒಪ್ಪಿದರು. ಮರುದಿನ ಹೋಗುತ್ತೇವೆಂದು ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಹೂಂ ಎಂದಷ್ಟೇ ಹೇಳಿ ಇಟ್ಟ.

ಹಾವೇರಿಯ ಕಚೇರಿಗೆ ನಾವು ತಲುಪಿದಾಗ, ಅಪ್ಪ ಆಗಲೇ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ. ಮಡಿಕೆ ಮುರಿಯದ ಬಿಳಿ ಧೋತರ ಉಟ್ಟು, ಪಕ್ಕದಲ್ಲಿ ಒಂದು ಕೈಚೀಲ ಇಟ್ಟುಕೊಂಡಿದ್ದ. ಇಣುಕಿದರೆ ಅದರಲ್ಲಿ ಹೊದಿಕೆ, ಇನ್ನೊಂದು ಅಂಗಿ, ಬಿ.ಪಿ. ಮಾತ್ರೆಗಳಿದ್ದವು. ನಾವು ಒಳಗೆ ಹೋದೆವು. ಅಪ್ಪ ನಮ್ಮ ಹಿಂದೆಯೇ ಎದ್ದು ಬಂದು, ಅಧಿಕಾರಿ ಏನೂ ಕೇಳುವ ಮೊದಲೇ ಹೇಳಿದ:

"ಸಾಹೇಬ್ರ, ಅದು ನಂದು. ಅಳಿಯಂದಿರ ಕೊರಳಾಗ ಹಾಕಿದಾಂವ ನಾ. ಅವರಿಗೇನೂ ಗೊತ್ತಿಲ್ಲ. ಹಿಡ್ಯೂದಿದ್ರ ನನ್ನ ಹಿಡೀರಿ."

ಅಧಿಕಾರಿ ಉಗುರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಖಾರದ ಘಾಟಿಗೆ ಸೀನಿದರು. "ಪರೀಕ್ಷೆಗೆ ಕಳಿಸ್ತೀವಿ. ಕರೆದಾಗ ಬರ್ರಿ" ಎಂದರು. ಅಪ್ಪ ಕೈಚೀಲ ಎತ್ತಿಕೊಂಡು ನಮ್ಮ ಜೊತೆ ಹೊರಗೆ ಬಂದ. ಚಹಾ ಕುಡಿಯಲೂ ನಿಲ್ಲದೆ ಬಸ್ಸು ಹತ್ತಿದ.

ಆಮೇಲಿನ ದಿನಗಳಲ್ಲಿ ಓಣಿಯಲ್ಲಿ ಜೀಪಿನ ಸದ್ದಾದರೆ ಸಾಕು, ಗಂಡನ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಕೊನೆಗೆ ಕಚೇರಿಯಿಂದ ಫೋನ್ ಬಂತು. ಅದು ಉಗುರಲ್ಲ, ಎಮ್ಮೆಯ ಕೋಡನ್ನು ಕೆತ್ತಿ ಮಾಡಿದ್ದು, ಬಂದು ಒಯ್ಯಬಹುದು ಎಂದರು.

ಗಂಡ ನಿರಾಳವಾಗಿ ನಕ್ಕರು. ಅತ್ತೆ ಮಾತ್ರ, "ಬಂಗಾರ ಆದ್ರೂ ಖರೇ ಐತೋ ಇಲ್ಲೋ, ಅದನ್ನೂ ಅಕ್ಕಸಾಲಿಗನ ಕಡೆ ತೋರಿಸ್ಕೊಂಡು ಬರ್ರಿ" ಎಂದರು. ತೋರಿಸಿದೆವು. ಬಂಗಾರ ಅಪ್ಪಟವಾಗಿತ್ತು. ಅತ್ತೆ ಆ ವಿಷಯ ಮತ್ತೆ ಎತ್ತಲಿಲ್ಲ.

ಅಪ್ಪನಿಗೆ ಫೋನ್ ಮಾಡಿ, "ಅದು ಎಮ್ಮಿ ಕೋಡಂತ" ಎಂದೆ.

"ಹೌದಾ. ಅಳಿಯಂದಿರಿಗೆ ತ್ರಾಸ ಆಗಲಿಲ್ಲಲ್ಲ, ಅಷ್ಟ ಸಾಕು."

ಆ ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ಕೋಡೆಂದು ಅವನಿಗೆ ಮೊದಲೇ ಗೊತ್ತಿದ್ದರೆ, ಕಚೇರಿಗೆ ಬಂದದ್ದು ಬೀಗರ ಮುಂದೆ ಅದನ್ನು ಅಸಲಿಯೆಂದು ಉಳಿಸಿಕೊಳ್ಳಲು. ಗೊತ್ತಿರದಿದ್ದರೆ ಅವನು ನಿಜಕ್ಕೂ ಜೈಲಿಗೆ ಹೋಗಲು ಸಿದ್ಧನಾಗಿ ಬಂದಿದ್ದ. ಆ ಕೈಚೀಲ ನೆನೆದಾಗ ಗೊತ್ತಿರಲಿಲ್ಲ ಅನ್ನಿಸುತ್ತದೆ, ಆ ದನಿ ನೆನೆದಾಗ ಗೊತ್ತಿತ್ತು ಅನ್ನಿಸುತ್ತದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ, ಕೋಡೆಂದು ಮೊದಲೇ ಗೊತ್ತಿತ್ತೇನು ಎಂದು ನೇರವಾಗಿ ಕೇಳಿಯೇಬಿಟ್ಟೆ. ಅಪ್ಪ ಕಟ್ಟೆಯಿಂದ ಎದ್ದ.

"ಹೊಳಿ ಏರಾಕತ್ತೈತಿ, ಪಂಪಿನ ಮೋಟಾರ ಮ್ಯಾಲ ತರಬೇಕು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.