ಅತ್ತೆಗೆ ತಿಂಗಳಿಗೆಷ್ಟು ಕೊಡುತ್ತೀರಿ?

"ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ?"

ದುಬೈಗೆ ಬಂದ ಈ ಆರು ವರ್ಷದಲ್ಲಿ ನನ್ನನ್ನು ಗಾಬರಿಗೊಳಿಸಿದ ಸಂಗತಿಗಳಿಗೇನೂ ಕೊರತೆಯಿಲ್ಲ. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ತಣ್ಣೀರು ಬೇಕೆಂದರೆ ಗೀಸರಿನ ಸ್ವಿಚ್ ಆರಿಸಿ, ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಕು! ಅದಕ್ಕೂ ಒಗ್ಗಿಕೊಂಡೆ. ಆದರೆ ಒಂದು ಅರ್ಜಿಯಲ್ಲಿ ಈ ಪ್ರಶ್ನೆ ಓದಿದಾಗ ಮಾತ್ರ ಪೆನ್ನು ಕೆಳಗಿಟ್ಟುಬಿಟ್ಟೆ. ನಮ್ಮ ವಿಜಯಪುರದಲ್ಲಿ ಯಾರಾದರೂ ಮನೆಗೆ ಬಂದು, "ಮೊಮ್ಮಗಳನ್ನು ಎತ್ತಿಕೊಳ್ಳುವ ನಿಮ್ಮ ಅತ್ತೆಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದ್ದರೆ, ಕೊಟ್ಟ ಚಹಾದ ಕಪ್ಪನ್ನೂ ಅತ್ತೆ ಕಸಿದುಕೊಂಡು ಕಳಿಸುತ್ತಿದ್ದರು.

ಅದು ರೇಷನ್ ಕಿಟ್‌ಗಾಗಿ ಹಾಕುವ ಅರ್ಜಿ. ನಮ್ಮವರು ಒಂದು ಕಂಪನಿಯಲ್ಲಿ ಸಿವಿಲ್ ಇಂಜಿನಿಯರ್. ಪ್ರಾಜೆಕ್ಟ್ ನಿಂತುಹೋಗಿ ಅವರನ್ನು ಪಗಾರವಿಲ್ಲದ ರಜೆಗೆ ಕೂರಿಸಿದ್ದರು. ಕೆಲಸ ಹೋಗಿರಲಿಲ್ಲ, ವೀಸಾ ಇತ್ತು, ಕೈಗೆ ಮಾತ್ರ ಏನೂ ಬರುತ್ತಿರಲಿಲ್ಲ. ದಿನವೆಲ್ಲ ಬೇರೆ ಕೆಲಸ ಹುಡುಕುತ್ತ ಅಲೆಯುತ್ತಿದ್ದರು. ಉಳಿದದ್ದು ನನ್ನ ಪಗಾರ. ನಾನು ಜುಮೇರಾ ಲೇಕ್ ಟವರ್ಸ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿಸ್ಟು. ಮನೆ ಇರುವುದು ಊರಿನ ಇನ್ನೊಂದು ತುದಿಯ ಕುಸೈಸ್‌ನಲ್ಲಿ. ಮುಂಜಾನೆ ಆರೂವರೆಗೆ ಮೆಟ್ರೋ ಹಿಡಿದರೆ ತಿರುಗಿ ಬರುವಾಗ ಸಂಜೆ ಏಳೂವರೆ. ಪಗಾರದ ಮುಕ್ಕಾಲು ಬಾಡಿಗೆಗೇ ಹೋಗುತ್ತಿತ್ತು. ಅಕ್ಕಿ ಡಬ್ಬಿ ತಳ ಕಂಡಾಗ ಸಹೋದ್ಯೋಗಿಯೊಬ್ಬಳು, ಊದ್ ಮೇಥಾದಲ್ಲಿ ನಮ್ಮ ಕಡೆಯವರೇ ಸೇರಿ ನಡೆಸುವ ಒಂದು ನೆರವಿನ ಕಮಿಟಿಯ ನಂಬರು ಕೊಟ್ಟಳು. ಇಂಜಿನಿಯರ್ ಮನೆಗೆ ರೇಷನ್ನೇ ಎಂದು ನಮ್ಮವರು ಮುಖ ತಿರುಗಿಸಿದರು. ಮಾನ ಬೇಯಿಸಿ ಬಡಿಸಲಿಕ್ಕೆ ಆಗುತ್ತದೇನು ಎಂದು ನಾನೂ ಅಂದೆ. ಅಂದಮೇಲೆ ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ, ಅದು ಬೇರೆ ಮಾತು.

ಆ ಪ್ರಶ್ನೆಯ ಮುಂದೆ "ಏನೂ ಇಲ್ಲ" ಎಂದು ಬರೆದು ಕಳಿಸಿದೆ. ಮೂರನೇ ದಿನ ಕಮಿಟಿಯ ಹಮೀದ್ ಭಾಯ್ ಫೋನ್ ಮಾಡಿದರು. ಪುತ್ತೂರು ಕಡೆಯ ಬ್ಯಾರಿ, ಮೆತ್ತಗಿನ ಮನುಷ್ಯ.

"ಅಕ್ಕಾ, ನಿಮ್ಮದು ಪಾಸ್ ಆಗುದಿಲ್ಲ ಅಲ್ವಾ. ಬಾಡಿಗೆ ಕಳೆದ್ರೂ ನಮ್ಮ ಮಿತಿಗಿಂತ ಮೇಲೆ ಉಂಟು. ಮಗುವನ್ನು ನೋಡಿಕೊಳ್ಳುವ ಖರ್ಚನ್ನೂ ಕಳೀಬಹುದಿತ್ತು, ನೀವು ಸೊನ್ನೆ ಅಂತ ಬರ್ದಿದ್ದೀರಿ. ನೀವು ಹದಿಮೂರು ಗಂಟೆ ಹೊರಗೆ. ಐದು ವರ್ಷದ ಮಗು ಗಾಳಿಯಲ್ಲಿ ಬೆಳೀತದಾ?"

"ನಮ್ಮ ಅತ್ತಿ ಅದಾರ್ರೀ."

"ಹಾಗಾದ್ರೆ ಅವರ ಖರ್ಚು ಎಂಥದೂ ಇಲ್ವಾ? ಇದ್ರೆ ಅದನ್ನು ಅವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ ತನ್ನಿ ಮಾರಾಯ್ರೆ. ಶನಿವಾರದ ಒಳಗೆ."

ಇತ್ತು. ಖರ್ಚು ಇಲ್ಲದೆ ಏನು? ಅತ್ತೆ, ಅಂದರೆ ಗುರುಬಾಯಿ, ಊರಲ್ಲಿ ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದ ಹೆಣ್ಣುಮಗಳು. ಆ ದುಡಿಮೆಯಿಂದ ಓಣಿಯ ಹೆಂಗಸರ ಜೊತೆ ತಿಂಗಳು ತಿಂಗಳು ಭೀಶಿ ಹಾಕುತ್ತಿದ್ದರು. ನೀವು ಚೀಟಿ ಎನ್ನುತ್ತೀರಲ್ಲ, ಅದೇ. ನನಗೆ ಕೆಲಸ ಸಿಕ್ಕಾಗ ರೊಟ್ಟಿಯ ಹಂಚು ಬೋರಲು ಹಾಕಿ ನನ್ನ ಮಗಳಿಗಾಗಿ ಇಲ್ಲಿಗೆ ಬಂದರು. ಭೀಶಿ ನಿಲ್ಲಬಾರದಲ್ಲ! ಅಂದಿನಿಂದ ನಮ್ಮವರು ಪ್ರತಿ ತಿಂಗಳು ಐನೂರು ದಿರ್ಹಮ್ ಊರಿಗೆ ಕಳಿಸುತ್ತಾರೆ. ನಾವೆಷ್ಟೇ ಒದ್ದಾಡಿದರೂ ಅದು ತಪ್ಪಿಲ್ಲ. ಆದರೆ ಆ ಹಣಕ್ಕೆ ನಮ್ಮ ಮನೆಯಲ್ಲಿ ಹೆಸರಿಲ್ಲ. ಅತ್ತೆಯ ಕೈಗೆ ಯಾರೂ ಕೊಡುವುದಿಲ್ಲ, ಅತ್ತೆ ಕೇಳುವುದಿಲ್ಲ, ಕೊಟ್ಟೆವೆಂದು ಯಾರೂ ಹೇಳುವುದಿಲ್ಲ. ನಮ್ಮ ಕಡೆ ಹಿರಿಯರಿಗೆ ಕೊಡುವ ರೀತಿಯೇ ಹಾಗೆ. ಇಲ್ಲಿನ ಕಾಗದಕ್ಕೆ ಅದು ಹೇಗೆ ತಿಳಿಯಬೇಕು? ಇಲ್ಲಿ ಮನೆಯ ಬಾಡಿಗೆಗೂ ಇಜಾರಿ ಎಂಬ ಸರ್ಕಾರಿ ಕಾಗದ ಬೇಕು. ಅದಿಲ್ಲದಿದ್ದರೆ ನೀವು ಆ ಮನೆಯಲ್ಲಿ ಇದ್ದೂ ಇಲ್ಲದವರು.

ಕಿಟ್ ಸಿಗದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಮಗಳು ಸಾನ್ವಿ ಮತ್ತು ಅತ್ತೆ ಊರಿಗೆ. ನಾವಿಬ್ಬರು ಯಾವುದಾದರೂ ಷೇರಿಂಗ್ ರೂಮಿಗೆ. ಸಾನ್ವಿಯ ಶಾಲೆ ಅರ್ಧಕ್ಕೆ.

ಈಗ ನನ್ನ ದೊಡ್ಡ ತಪ್ಪು ಹೇಳುತ್ತೇನೆ, ಬೈಯಬೇಡಿ. ಅತ್ತೆಗೆ ಕೇಳುವ ಧೈರ್ಯವೇ ಬರಲಿಲ್ಲ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ನಾನೇ ಇಂಗ್ಲಿಷಿನಲ್ಲೊಂದು ಪತ್ರ ಟೈಪು ಮಾಡಿದೆ. ಸದರಿ ಮಗುವನ್ನು ನೋಡಿಕೊಳ್ಳಲು ನನಗೆ ತಿಂಗಳಿಗೆ ಇಷ್ಟು ಸಂದಾಯವಾಗುತ್ತದೆ ಎಂದು. ಮನೆಗೆ ತಂದು, "ಅತ್ತೀ, ಸಾಲಿಯವರದು, ಇಲ್ಲೊಂದು ಸಹಿ ಹಾಕ್ರಿ" ಎಂದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡದಲ್ಲಿ ದುಂಡಗೆ ಹೆಸರು ಬರೆದರು. ಗೆದ್ದೆ ಅಂದುಕೊಂಡೆ.

ಸಾನ್ವಿ ಕೆಜಿ ಟೂ. ಆಗಷ್ಟೇ ಓದುವುದು ಬಂದಿತ್ತು. ಸಿರಿಯಲ್ ಡಬ್ಬಿ, ಲಿಫ್ಟಿನ ಬೋರ್ಡು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಹುಚ್ಚು. ಟೇಬಲ್ಲಿನ ಮೇಲಿದ್ದ ಕಾಗದ ಎತ್ತಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಪೂರಾ ಓದಿತು. ಆಮೇಲೆ ಅಜ್ಜಿಯ ಮುಖ ನೋಡಿ, "ಆಯಿ, ಯು ಆರ್ ಮೈ ನ್ಯಾನಿ? ಲೈಕ್ ಲೀಸಾ?" ಎಂದು ಕೇಳಿತು.

ಲೀಸಾ ಯಾರೆಂದು ಅತ್ತೆಗೆ ಚೆನ್ನಾಗಿ ಗೊತ್ತು. ಎದುರು ಕಟ್ಟಡದ ಮನೆಯೊಂದರಲ್ಲಿ ಅವಳಿ ಮಕ್ಕಳನ್ನು ನೋಡಿಕೊಳ್ಳುವ ಫಿಲಿಪೀನ್ಸಿನ ಹೆಣ್ಣುಮಗಳು. ಕೆಳಗಿನ ಪಾರ್ಕಿನಲ್ಲಿ ಅತ್ತೆಯ ಸಂಜೆಯ ಗೆಳತಿ. ಅವಳಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಆದರೂ ದಿನಾ ಒಂದೂವರೆ ತಾಸು ಮಾತಾಡುತ್ತಾರೆ.

ಅತ್ತೆ ಲಟ್ಟಣಿಗೆ ಕೆಳಗಿಟ್ಟರು.

"ಏನಂತದು, ಸುಜಾತಾ?"

ಹೇಳಿದೆ. ಹೇಳದೆ ಎಲ್ಲಿಗೆ ಹೋಗಲಿ?

"ನನ್ನ ಮೊಮ್ಮಗಳ್ನ ಎತ್ಕೊಂಡಿದ್ದಕ್ಕ ನನಗ ಪಗಾರೇನು? ನಾಳೆ ನಿನ್ನ ಗಂಡಗ ಹಾಲು ಕುಡಿಸಿದ್ದಕ್ಕೂ ಬಿಲ್ ಮಾಡಿ ಕೊಡ್ಲ್ಯಾ?" ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಅದೂ ಸುಳ್ಳು ಹೇಳಿ ಸಹಿ ಹಾಕಿಸ್ಕೊಂಡಿ. ಕೇಳಿದ್ರ ನಾ ಏನು ನಿನ್ನ ನುಂಗತಿದ್ನ್ಯಾ?"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಸದ ಡಬ್ಬಿಗೆ ಹಾಕಿದರು. ಮಗನಿಗೆ ಊರಿನ ಟಿಕೆಟ್ ತೆಗೆಸು ಎಂದರು. ಎರಡು ದಿನ ನನ್ನೊಂದಿಗೆ ಮಾತಿಲ್ಲ. ಮನೆಯಲ್ಲಿ ಎಲ್ಲ ಕೆಲಸ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು, ನನಗೆ ಡಬ್ಬಿಯೂ ಕಟ್ಟುತ್ತಿದ್ದರು, ಬಾಯಿ ಮಾತ್ರ ಬಂದ್. ಅಲ್ಲಿ ಊರಲ್ಲಾಗಿದ್ದರೆ ಅತ್ತೆ-ಸೊಸೆ ಜಗಳಕ್ಕೆ ನೆರೆಮನೆಯ ಒಬ್ಬ ದೊಡ್ಡಮ್ಮ ಬಂದು ಇಬ್ಬರಿಗೂ ಬೈದು ಸರಿ ಮಾಡುತ್ತಿದ್ದಳು. ಇಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಯಾರು ಬರಬೇಕು? ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ನಾಚಿಕೆಗೂ ದುಃಖಕ್ಕೂ ಮೆಟ್ರೋದಲ್ಲಿ ನಿಂತೇ ಅಳುತ್ತಾ ಹೋದೆ. ಒಬ್ಬ ಪಾಕಿಸ್ತಾನಿ ಅಜ್ಜಿ ಎದ್ದು ಸೀಟು ಕೊಟ್ಟಳು, ಬಸುರಿ ಅಂದುಕೊಂಡಳೋ ಏನೋ.

ಶುಕ್ರವಾರ ಇಲ್ಲಿ ಅರ್ಧ ದಿನ. ಬೇಗ ಬಂದೆ. ಲಿಫ್ಟಿಗೆ ಹೋಗುವ ಮುಂಚೆ ಪಾರ್ಕಿನ ಕಡೆ ನೋಡಿದರೆ ಬೆಂಚಿನ ಮೇಲೆ ಅತ್ತೆ, ಲೀಸಾ. ನಡುವೆ ಸಾನ್ವಿ ನಿಂತು ದುಭಾಷಿ ಕೆಲಸ ಮಾಡುತ್ತಿತ್ತು. ನಾನು ಹಿಂದಿನಿಂದ ಹೋಗಿ ಬೇವಿನ ಗಿಡದ ಬಳಿ ನಿಂತೆ. ಕದ್ದು ಕೇಳುವುದು ತಪ್ಪೇ, ಆದರೆ ಆ ವಾರ ನನ್ನ ತಪ್ಪುಗಳ ನಡುವೆ ಅದು ಸಣ್ಣದು.

"ಕೇಳು ಆಕಿನ್ನ, ಆಕಿ ಮಗ ಯಾರ ಹತ್ರ ಇರ್ತಾನಂತ?" ಅಂದರು ಅತ್ತೆ.

ಸಾನ್ವಿ ಕೇಳಿತು. ಲೀಸಾ ಫೋನ್ ತೆಗೆದು ಒಬ್ಬ ಹಲ್ಲುಬಿದ್ದ ಹುಡುಗನ ಫೋಟೋ ತೋರಿಸಿದಳು. ಪಕ್ಕದಲ್ಲಿ ಬಿಳಿ ತಲೆಯ ಒಬ್ಬ ಮುದುಕಿ.

"ಹರ್ ಮದರ್, ಆಯಿ. ಅವನ ಆಯಿ ಹತ್ರ."

"ಆ ಮುದುಕಿಗೆ ಈಕಿ ರೊಕ್ಕಾ ಕಳಸ್ತಾಳೇನು?"

"ಎವೆರಿ ಮಂತ್," ಎಂದಳು ಲೀಸಾ, ಮಗು ಅನುವಾದಿಸುವ ಮೊದಲೇ. ರೊಕ್ಕದ ಮಾತಿಗೆ ಭಾಷೆ ಬೇಕಾಗುವುದಿಲ್ಲ.

ಅತ್ತೆ ಫೋನಿನಲ್ಲಿದ್ದ ಮುದುಕಿಯನ್ನು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ದನಿ ಇಳಿಸಿ, "ಕೇಳು, ರೊಕ್ಕಾ ಕೊಟ್ರ ಆಕಿ ತಾಯಿಗೆ ಸಿಟ್ಟು ಬರಂಗಿಲ್ಲೇನು ಅಂತ" ಎಂದರು.

ಮಗು ಕೇಳಿತು. ಲೀಸಾ ನಕ್ಕಳು ನೋಡಿ, ಬೆಂಚು ಅಲ್ಲಾಡುವ ಹಾಗೆ. ಮೂರನೇ ತಾರೀಖು ದಾಟಿದರೆ ತಾಯಿಗೆ ಸಿಟ್ಟು ಬರುತ್ತದಂತೆ! ಫೋನ್ ಮೇಲೆ ಫೋನ್ ಮಾಡಿ, ನಿನ್ನ ಮಗ ಎರಡು ಆಳಿನ ಅನ್ನ ತಿನ್ನುತ್ತಾನೆ, ನನ್ನ ಕೈಕಾಲೇನು ಪುಕ್ಕಟೆಯೇ ಎಂದು ಬೈಯುತ್ತಾಳಂತೆ. ಸಾನ್ವಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಮುದುಕಿಯ ಹಾಗೆ ಕೈ ತಿರುವಿ ಹೇಳಿತು. ಅತ್ತೆ ಮೊದಲು ತುಟಿ ಬಿಗಿಹಿಡಿದರು. ಆಮೇಲೆ ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಭಲೇ ಮುದುಕಿ!" ಎಂದರು.

ಮನೆಗೆ ಬಂದವರೇ ನನ್ನ ಕಡೆ ನೋಡದೆ, "ಹಾಳಿ ತಗೊಂಡು ಕೂಡು. ನಾ ಹೇಳಿದಂಗ ಬರೀಬೇಕು. ಕನ್ನಡದಾಗ. ಒಂದಕ್ಷರ ನಿಂದು ಸೇರಿಸಿದ್ರ ನೋಡು" ಎಂದರು. ಬರೆದೆ.

"ನಾನು ಗುರುಬಾಯಿ. ಊರಾಗ ದಿನಾ ನೂರು ರೊಟ್ಟಿ ಬಡದು ಮಾರತಿದ್ದೆ. ಅದನ್ನ ಬಿಟ್ಟು ಮೊಮ್ಮಗಳ್ನ ನೋಡ್ಕೊಳ್ಳಾಕ ಬಂದೀನಿ. ಸೊಸಿ ಮುಂಜಾನೆ ಹೋದ್ರ ಬರೂದು ಸಂಜಿಗೆ. ಅಲ್ಲೀತನಕ ಉಣಸೂದು, ಎರಿಯೂದು, ಸಾಲಿ ಬಸ್ಸಿಗೆ ನಿಂದ್ರೂದು ನಂದು. ನಾ ಇಲ್ಲಂದ್ರ ಆಕಿ ಕೆಲಸಕ್ಕ ಹೋಗಾಕ ಆಗಂಗಿಲ್ಲ. ಅದಕ್ಕ ನನ್ನ ಭೀಶಿ ಮಗ ತುಂಬತಾನ, ತಿಂಗಳಿಗೆ ಐನೂರು. ಮೊಮ್ಮಗಳ ಮ್ಯಾಲಿನ ಪ್ರೀತಿಗೆ ನಾ ರೊಕ್ಕಾ ತಗೊಂಡಿಲ್ಲ. ನನ್ನ ಹೊತ್ತಿಗೆ ತಗೊಂಡೀನಿ."

ಬರೆಯುತ್ತಾ ಬರೆಯುತ್ತಾ ನನ್ನ ಕಣ್ಣು ಮಂಜಾಯಿತು. "ತಪ್ಪಾತ್ರಿ ಅತ್ತೀ" ಎಂದೆ. "ಅದನ್ನ ಇದರಾಗ ಬರೀಬ್ಯಾಡ" ಎಂದು ಕೈಯಿಂದ ಕಾಗದ ಕಸಿದುಕೊಂಡು ಸಹಿ ಹಾಕಿದರು.

ಮರುದಿನ ಊದ್ ಮೇಥಾಕ್ಕೆ ತಾವೇ ಬರುತ್ತೇನೆಂದು ಹಟ. ಇಳಕಲ್ ಸೀರೆ ಉಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿ ಕಂಕುಳಲ್ಲಿಟ್ಟು ಬಂದರು. ನೆರವು ಕೇಳಲಿಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದಂತೆ. ಹಮೀದ್ ಭಾಯ್ ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದರು. ಊರಿಗೆ ಹಣ ಕಳಿಸಿದ ರಸೀದಿಗಳನ್ನು ಅದಕ್ಕೆ ಪಿನ್ನು ಹಾಕಿದರು.

"ಪಗಾರ ಅಂತ ಬರೀಬೇಕಿತ್ತೇನು ತಮ್ಮಾ?" ಎಂದರು ಅತ್ತೆ. ಮೂರು ದಿನದ ಹಿಂದೆ ಆ ಶಬ್ದಕ್ಕೇ ಉರಿದೆದ್ದವರು!

"ಅಯ್ಯೋ ಬೇಡ ಅಮ್ಮಾ, ಪಗಾರ ಅಂದ್ರೆ ನಿಮಗೆ ಬೇರೆಯೇ ವೀಸಾ ಮಾಡಿಸ್ಬೇಕಾದೀತು. ಮಗ ನಿಮ್ಮ ಭೀಶಿ ಕಟ್ತಾನೆ, ಅಷ್ಟು ಸಾಕು." ಆಮೇಲೆ ಪತ್ರದ ಕಡೆ ನೋಡುತ್ತಲೇ, "ನನ್ನ ಉಮ್ಮ ನನ್ನ ಅಕ್ಕನ ನಾಲ್ಕು ಮಕ್ಕಳನ್ನು ಸಾಕಿದ್ರು. ನಾವು ಯಾರೂ ಒಂದು ಸೀರೆ ಕೂಡ ಹೆಚ್ಚಿಗೆ ತಂದು ಕೊಟ್ಟದ್ದಿಲ್ಲ" ಎಂದರು.

ಅತ್ತೆ ಚಟ್ನಿ ಡಬ್ಬಿ ಅವರ ಮುಂದೆ ಸರಿಸಿದರು.

ಮುಂದಿನ ವಾರವೇ ಕಿಟ್ ಬಂತು. ಅಕ್ಕಿ, ಗೋಧಿಹಿಟ್ಟು, ಬೇಳೆ, ಎಣ್ಣೆ, ಸಕ್ಕರೆ, ಹಾಲಿನ ಪುಡಿ, ಒಂದು ಪೆಟ್ಟಿಗೆ ಖರ್ಜೂರ. ಜೋಳದ ಹಿಟ್ಟು ಇಲ್ಲವೆಂದು ಅತ್ತೆ ಗೊಣಗಿದರು, ಆದರೆ ಖರ್ಜೂರದ ಹೋಳಿಗೆ ಮಾಡಿ ಲೀಸಾಗೂ ಅವಳಿ ಮಕ್ಕಳಿಗೂ ಕೊಟ್ಟು ಬಂದರು. ಆ ದಿನ ನಮ್ಮವರು ಮೂರು ಹೋಳಿಗೆ ತಿಂದರು. ನಾವು ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಸಂತೋಷಕ್ಕೆ ನಾನು ಎಷ್ಟು ತಿಂದೆನೋ ಎಣಿಸಲಿಲ್ಲ.

ನಾಲ್ಕು ತಿಂಗಳಿಗೆ ಪ್ರಾಜೆಕ್ಟ್ ಮತ್ತೆ ಶುರುವಾಯಿತು. ನಮ್ಮವರ ಮೊದಲ ಪಗಾರ ಬಿದ್ದ ದಿನವೇ ಹಮೀದ್ ಭಾಯ್‌ಗೆ ಫೋನ್ ಮಾಡಿ, ಇನ್ನು ಕಿಟ್ ಬೇರೆಯವರಿಗೆ ಕೊಡಿ ಎಂದೆವು. ಫೋನ್ ಇಡುವುದನ್ನೇ ಕಾಯುತ್ತಿದ್ದ ಅತ್ತೆ ಮಗನ ಮುಂದೆ ಬಂದು ನಿಂತರು.

"ಲೀಸಾಗ ರಜಾ ಕೊಡ್ತಾರಂತ. ಒಂದು ತಿಂಗಳು, ಟಿಕೀಟು ಅವರದ. ನಾ ಬಂದು ಎರಡು ವರ್ಷಾತು. ನನಗ್ಯಾವಾಗ?"

ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಅತ್ತೆ ನಗಲಿಲ್ಲ. ಟಿಕೆಟ್ ತೆಗೆಸುವ ತನಕ ಬಿಡಲಿಲ್ಲ. ಆ ತಿಂಗಳು ಸಾನ್ವಿಯನ್ನು ನೋಡಿಕೊಳ್ಳಲು ನಾನು ಕ್ಲಿನಿಕ್ಕಿಗೆ ರಜೆ ಹಾಕಿದೆ. ಕಾಫಿ ಕುಡಿಯಲೂ ಪುರುಸೊತ್ತಿಲ್ಲದ ಮೊದಲ ದಿನವೇ ಐನೂರು ಬಹಳ ಕಡಿಮೆ ಎಂದು ಗಂಡನಿಗೆ ಹೇಳಿದೆ, ಒಪ್ಪಿಕೊಂಡರು.

ಆದರೆ ಹೇಳಬೇಕೆಂದಿರುವುದು ವಿಮಾನ ನಿಲ್ದಾಣದ ಮಾತು. ಸಾಲಿನಲ್ಲಿ ಅತ್ತೆಯ ಮುಂದೆ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಇಳಕಲ್ ಸೀರೆ ನೋಡಿ ತಿರುಗಿ ಕೇಳಿದಳು:

"ಊರಿಗೆ ಹೊಂಟೀರೇನ್ರೀ, ಅವ್ವಾರ?"

ಅತ್ತೆ ಹುಟ್ಟಿದ್ದು, ಮದುವೆಯಾದದ್ದು, ಮಾವನವರನ್ನು ಮಣ್ಣು ಮಾಡಿದ್ದು ಎಲ್ಲ ಒಂದೇ ಊರಿನಲ್ಲಿ. ಅರವತ್ತು ವರ್ಷ ಅದನ್ನು ಬಿಟ್ಟು ಕದಲಿದವರಲ್ಲ. ಚೀಲ ಭುಜಕ್ಕೇರಿಸಿ, ಎದೆ ಸೆಟೆಸಿ ಹೇಳಿದರು:

"ಹೌದವ್ವಾ, ರಜಾದಾಗ ಹೊಂಟೀನಿ. ಒಂದ ತಿಂಗಳು. ಮತ್ತ ಬರಬೇಕು, ಡ್ಯೂಟಿ ಐತಲ್ಲ."