ಬಿಳಿದಡದ ದಾರಿ

ಅವ್ವನ ಕಾಲು ಮುರಿದದ್ದು ಫ್ಯಾಕ್ಟರಿ ಬಸ್ಸಿನಿಂದ ಇಳಿಯುವಾಗ. ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಅವಳದು ಚೆಕ್ಕಿಂಗ್ ಕೆಲಸ. ಹೊಲಿದು ಬಂದ ಅಂಗಿಗಳ ದಾರ, ಗುಂಡಿ, ಅಂಚು ನೋಡಿ ಮುಂದಕ್ಕೆ ದಾಟಿಸುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಆ ದಿನ ಸಂಜೆ ಊರ ಮುಂದೆ ಬಸ್ಸು ನಿಂತಾಗ ಕೊನೆಯ ಮೆಟ್ಟಿಲಿನ ಎತ್ತರದ ಅಂದಾಜು ತಪ್ಪಿ, ಎಡಗಾಲಿನ ಹರಡು, ಪಾದದ ಮೇಲಿನ ಕೀಲು, ಅಡ್ಡಡ್ಡ ತಿರುಗಿತು. ಮಂಡ್ಯದ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಗಾಯ ಮಾಗಿತು, ಮೂಳೆ ಕೂಡಿತು. ಅವ್ವನಿಗೆ ಮಾತ್ರ ಆ ಕಾಲಿನ ಮೇಲೆ ನಂಬಿಕೆ ಕೂಡಿಬರಲಿಲ್ಲ. ಅಡುಗೆಮನೆಯಲ್ಲಿ ಕೂಡ ಒಂದು ಕೈ ಗೋಡೆಯ ಮೇಲಿರುತ್ತಿತ್ತು.

ಸೂಪರ್‌ವೈಸರ್ ಫೋನ್ ಮಾಡಿದ್ದರು. ಒಳ್ಳೆಯ ಹೆಂಗಸು, ಮುಚ್ಚುಮರೆ ಇಲ್ಲದೆ ಹೇಳಿದರು: ತಿಂಗಳ ಕೊನೆಯವರೆಗೆ ಅವ್ವನ ಜಾಗ ಹಾಗೇ ಇಟ್ಟಿರುತ್ತಾರೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಕೂತು ಮಾಡುವ ಕೆಲಸ ಚೆಕ್ಕಿಂಗಿನಲ್ಲಿ ಇಲ್ಲ.

ಫೋನ್ ಇಟ್ಟ ಮೇಲೆ ಅವ್ವ ಅದನ್ನೇ ನಮಗೆ ಹೇಳಿದಳು. ಅಪ್ಪ, "ಬುಡು ಅತ್ಲಾಗೆ, ಗದ್ದೆ ಅದೆ, ಅಸ ಅದೆ, ಮನೇಲಿರು" ಎಂದರು.

"ನಾನೇನು ಗದ್ದೆ ನೋಡ್ದೋಳಲ್ವಾ? ಅಲ್ಲಿ ನಾನು ನಾಕು ಜನದ ಜೊತೆ ನಗ್ತೀನಿ ಕಣ್ರೀ. ನನ್ನ ಕೆಲ್ಸ ಅದು. ಓಯ್ತೀನಿ," ಎಂದಳು.

ನಾನು ಆಗ ಮದ್ದೂರಿನ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಮುಗಿಸಿ ಮನೆಯಲ್ಲಿದ್ದೆ. ಪಿಯುಸಿಯಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಕರೆಂಟು ಹೋದದ್ದು, ಡೈರಿಗೆ ಹಾಕಿದ ಹಾಲು, ಬಸ್ಸು ತಡವಾದದ್ದು ಎಲ್ಲವನ್ನೂ ತಾರೀಕು ಹಾಕಿ ಬರೆಯುತ್ತೇನೆ. ಬರೆಯದ ದಿನ ಹಲ್ಲುಜ್ಜದೆ ಮಲಗಿದ ಹಾಗೆ ಇರುತ್ತದೆ. ಅವ್ವನನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂದಾಗ ದಿನಚರಿಯಲ್ಲಿ ಒಂದು ಹೊಸ ಗೆರೆ ಎಳೆದು, ಮೇಲೆ 'ಕೂತದ್ದು' ಎಂದು ಬರೆದೆ. ನಡೆಯುವಾಗ ಅವಳು ಎಷ್ಟು ಸಲ ಕೂತಳು, ಅಷ್ಟೇ ಲೆಕ್ಕ.

ಎಲ್ಲಿ ನಡೆಯುವುದು ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಹೆದ್ದಾರಿಯ ಪಕ್ಕ ಆಗದು. ಫಿಸಿಯೋಥೆರಪಿಯ ಮೇಡಂ, ಟಾರು ರಸ್ತೆ ಒಂದೇ ಸಾಲದು, ಏರುಪೇರಿನ ನೆಲದಲ್ಲೂ ಕಾಲು ಊರುವುದನ್ನು ಅಭ್ಯಾಸ ಮಾಡಿಸಿ ಎಂದಿದ್ದರು. ಗದ್ದೆಯ ಬದು ಜಾರುತ್ತದೆ. ಊರ ಬೀದಿಗೆ ಅವ್ವ ಒಪ್ಪಲಿಲ್ಲ.

"ಒಂದೊಂದು ಮನೆ ಮುಂದೂ ನಿಂತು ಕಾಲು ತೋರುಸ್ಬೇಕು ಕಣಮ್ಮಿ. ನಾನೇನು ಕೋಲೆ ಬಸವನಾ?"

ಹಾಗಾಗಿ ಕೆರೆಯ ದಡ ಆರಿಸಿಕೊಂಡೆವು. ನಮ್ಮ ಕೆರೆಯ ಏರಿ ಒಂದು ಕಡೆ. ಏರಿ ಮುಗಿಯುವಲ್ಲಿ ಹೊಂಗೆಮರಗಳ ಕೆಳಗಿಂದ ಒಂದು ಕಾಲುದಾರಿ ಹೊರಟು ನೀರಿನ ಪಕ್ಕಕ್ಕೇ ಹೋಗುತ್ತದೆ. ಮೊದಲು ಬಟ್ಟೆ ಒಗೆಯುವ ಕಲ್ಲುಗಳು. ಆಮೇಲೆ ಅಂಗಳದಷ್ಟು ಅಗಲದ ಹಾಸುಬಂಡೆ, ಬೆಳಗಿನ ಹೊತ್ತು ಪಾದಕ್ಕೆ ತಣ್ಣಗೆ. ಅದು ದಾಟಿದರೆ ಬಿಳಿದಡ. ಎರಡಾಳು ಎತ್ತರಕ್ಕೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ದಡ ಅದು. ಹಿಂದಿನವರು ಇಲ್ಲಿಂದ ಕಲ್ಲು ಅಗೆದು ಸುಟ್ಟು ಮನೆಗೆ ಸುಣ್ಣ ಬಳಿಯುತ್ತಿದ್ದರಂತೆ. ಈಗ ಅದರ ತೂತುಗಳಲ್ಲಿ ಮೈನಾಗಳು ಗೂಡು ಕಟ್ಟುತ್ತವೆ. ಉದುರಿದ ಕಲ್ಲುಗಳು ಒಣಶುಂಠಿಯ ತುಂಡುಗಳ ಹಾಗೆ ದಾರಿಯಲ್ಲೆಲ್ಲ ಬಿದ್ದಿರುತ್ತವೆ. ಬಿಳಿದಡದ ನಡುವೆ ಒಂದು ಸೀಳು. ನಾಲೆಯಿಂದ ಕೆರೆಗೆ ನೀರು ತರುವ ಕಾಲುವೆ ಅಲ್ಲಿ ಬಂದು ಸೇರಬೇಕು. ಸೇರಬೇಕು, ಅಷ್ಟೇ. ನಾವು ನೋಡಿದ ಹಾಗೆ ಅದು ಆಡುಗಳು ಇಳಿಯುವ ದಾರಿ. ಸೀಳು ದಾಟಿ ಮುಂದೆ ಹೋದರೆ ಕಲ್ಲಿನ ಬಸವ ಇರುವ ಬಸಪ್ಪನ ಬಂಡೆ. ದಾರಿ ಅಲ್ಲಿಗೆ ಮುಗಿಯುತ್ತದೆ. ಚಿಕ್ಕ ಮಕ್ಕಳು ಓಡಿಕೊಂಡು ಹೋಗಿಬರುವ ದಾರಿ.

ಮೊದಲ ದಿನ ಅವ್ವ ಹಾಸುಬಂಡೆಯವರೆಗೆ ಹೋಗಿ ವಾಪಸಾಗುವುದರಲ್ಲಿ ಏಳು ಸಲ ಕೂತಳು. ನಾನು ಏಳು ಎಂದು ಬರೆದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ನ ಕಮ್ಮಿ ಬರಿ, ಕಲ್ಲು ಆಯ್ದುಕೊಳ್ಳಕ್ಕೆ ಕುಂತಿದ್ದೆ" ಎಂದಳು. ನಾನು ಕಡಿಮೆ ಬರೆಯಲಿಲ್ಲ. ಎರಡು ದಿನ ಮಾತು ಬಿಟ್ಟಳು. ನಡೆಯುವುದನ್ನು ಬಿಡಲಿಲ್ಲ.

ಊರ ಮುಂದೆ ಟ್ರ್ಯಾಕ್ಟರ್ ರಿಪೇರಿ ಮಾಡುವವರನ್ನು ನಾವೆಲ್ಲ ಭಾಯ್ ಎನ್ನುತ್ತೇವೆ. ಅವರ ಅಪ್ಪನ ಕಾಲದಿಂದ ಅಂಗಡಿ ಅಲ್ಲೇ ಇದೆ. ಅವ್ವ ಹೊಂಗೆ ಕೊಂಬೆಯೊಂದನ್ನು ಊರಿಕೊಂಡು ಹೋಗುವುದನ್ನು ನೋಡಿ, ಒಂದು ಕಬ್ಬಿಣದ ಪೈಪು ಕತ್ತರಿಸಿ, ಮೇಲೆ ಹಿಡಿ ಬಗ್ಗಿಸಿ, ತುದಿಗೆ ಟ್ರ್ಯಾಕ್ಟರಿನ ರಬ್ಬರ್ ಬುಷ್ಷು ತುರುಕಿ ತಂದುಕೊಟ್ಟರು.

"ತಕ್ಕಳಿ ಅಕ್ಕ. ಬಂಡೆ ಮ್ಯಾಲೂ ಜಾರಕಿಲ್ಲ."

"ಏನ್ ಭಾರ ಭಾಯ್ ಇದು! ಇದ್ನ ಒತ್ಕೊಂಡು ಬರಕ್ಕೆ ಇನ್ನೊಂದಾಳು ಬೇಕು."

"ಭಾರ ಇದ್ರೇನೆ ಅಕ್ಕ ಬೇಗ ಬಿಸಾಕ್ಬೇಕು ಅನ್ಸದು."

ದಿನ ಕಳೆದಂತೆ 'ಕೂತದ್ದು' ಕಡಿಮೆಯಾಯಿತು. ಹಾಸುಬಂಡೆ ದಾಟಿದೆವು, ಬಿಳಿದಡದ ಬುಡಕ್ಕೆ ಬಂದೆವು, ಸೀಳಿನಲ್ಲಿ ದೊಡ್ಡ ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಆಚೆ ಹೋಗುವುದು ಕಲಿತೆವು. ಶುಂಠಿಕಲ್ಲುಗಳ ಮೇಲೆ ಕಾಲು ಹೊರಳಿದಾಗಲೆಲ್ಲ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ನಾನು ಕೈ ಚಾಚಿದರೆ ಕೋಲಿನಿಂದ ತಳ್ಳುತ್ತಿದ್ದಳು. ಆದರೂ ಎರಡಕ್ಕಿಂತ ಕೆಳಗೆ ಲೆಕ್ಕ ಇಳಿಯಲಿಲ್ಲ. ಹೋಗುವಾಗ ಬಸಪ್ಪನ ಬಂಡೆಯಲ್ಲಿ ಒಮ್ಮೆ, ಬರುವಾಗ ಸೀಳಿನ ಹತ್ತಿರ ಒಮ್ಮೆ ಕೂರಲೇಬೇಕಾಗುತ್ತಿತ್ತು. ತಿಂಗಳು ಮುಗಿಯುತ್ತ ಬಂದಿತ್ತು.

ಕೊನೆಯ ವಾರದಲ್ಲಿ ಅವಳೇ ತೀರ್ಮಾನ ಮಾಡಿದಳು. "ಭಾನ್ವಾರ ಬಸಪ್ಪನ ಬಂಡೆ ಮುಟ್ಟಿ ಬರವಾ. ಒಂದು ದಪನೂ ಕುಂತ್ಕಳದೆ ಬಂದ್ರೆ ಸೋಮ್ವಾರ ಬಸ್ಸು ಅತ್ತುತೀನಿ. ಕುಂತ್ರೆ, ಸೂಪರ್‌ವೈಸರ್ ಮೇಡಂಗೆ ಫೋನ್ ಮಾಡಿ ಆಗಕಿಲ್ಲ ಅಂತೀನಿ. ನೀನು ಸುಳ್ಳು ಬರೀಬ್ಯಾಡ."

ಅದರ ನಡುವೆ ಶುಕ್ರವಾರ ಮೈಕಿನ ಆಟೋ ಬಂತು. ನಾಲೆಗೆ ನೀರು ಬಿಡಲಾಗಿದೆ, ಕೊನೆಯ ಭಾಗದ ಕೆರೆಗಳನ್ನು ತುಂಬಿಸಲಾಗುವುದು, ಕಾಲುವೆಗೆ ಯಾರೂ ಇಳಿಯಬಾರದು, ಜಾನುವಾರು ಇಳಿಸಬಾರದು. ನಮ್ಮ ಊರು ಇರುವುದು ನಾಲೆಯ ತೀರಾ ಕೊನೆಯಲ್ಲಿ. ಮೇಲಿನ ಊರುಗಳ ಗದ್ದೆಗಳು ಕುಡಿದು ಮಿಕ್ಕರೆ ನಮಗೆ, ಮಿಕ್ಕಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಕೆರೆಯಲ್ಲಿರುವುದೆಲ್ಲ ಮಳೆಯ ನೀರು. ಅಪ್ಪ ಜಗಲಿಯ ಮೇಲೆ ಕೂತೇ, "ಅಮ್ಮಿ, ಒಂದು ಬಿಂದಿಗೆ ತಕಂಡೋಗಿ ಆ ಮೈಕಿನ ಕೆಳ್ಗೆ ಇಡು" ಎಂದರು. ಭಾಯ್ ಅಂಗಡಿಯಿಂದಲೇ, "ಆಟೋದವನಿಗೆ ಬಾಡ್ಗೆನಾದ್ರೂ ಸಿಕ್ತಲ್ಲ ಬುಡಿ" ಎಂದರು.

ನಾನು ನಗಲಿಲ್ಲ, ದಿನಚರಿ ತೆಗೆದು ನೋಡಿದೆ. ಹಿಂದೆ ಮೈಕು ಬಂದ ಪ್ರತಿ ದಿನವೂ ಬರೆದಿದ್ದೆ. ಪಕ್ಕದಲ್ಲಿ 'ನೀರು ಬರಲಿಲ್ಲ' ಎಂದು ಆಮೇಲೆ ಸೇರಿಸಿದ್ದೆ. ಒಂದೂ ತಪ್ಪಿರಲಿಲ್ಲ. ಬರೆದಿಟ್ಟ ಲೆಕ್ಕ ಇಷ್ಟು ಗಟ್ಟಿಯಾಗಿರುವಾಗ ಭಾನುವಾರದ ನಡಿಗೆ ಮುಂದೂಡುವ ಮಾತೇ ಇರಲಿಲ್ಲ. ನಾಲೆಯ ಮೇಲಿನ ಊರಿನವರಾಗಿದ್ದರೆ ಆ ಮೈಕು ಕೇಳಿದ ಮೇಲೆ ಕಾಲುವೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಭಾನುವಾರ ಮೋಡವಿರಲಿಲ್ಲ. ಅವ್ವ ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡು ಹೊರಟಳು. ಹಾಸುಬಂಡೆ, ಬಿಳಿದಡ, ಸೀಳು. ಸೀಳಿನಲ್ಲಿ ಮಣ್ಣು ಎಂದಿನಂತೆ ಬಿರುಕುಬಿಟ್ಟಿತ್ತು. ಬಸಪ್ಪನ ಬಂಡೆ ತಲುಪಿದಾಗ ಅವಳು ಭಾರವೆಲ್ಲ ಕೋಲಿನ ಮೇಲೆ ಬಿಟ್ಟಿದ್ದಳು. ಕೂರಲಿಲ್ಲ. ಬಸವನ ಬೆನ್ನಿನ ಮೇಲೆ ಎರಡೂ ಕೈ ಊರಿ, ಸ್ವಲ್ಪ ಹೊತ್ತು ನಿಂತು, "ನಡಿ" ಎಂದಳು.

ವಾಪಸು ಬರುವಾಗ ಮೊದಲು ಕಂಡದ್ದು ಬೆಳ್ಳಕ್ಕಿಗಳು. ಸೀಳಿನ ಸುತ್ತ ಒಂದು ಹಿಂಡೇ ಇಳಿದಿತ್ತು. ಆಮೇಲೆ ಸದ್ದು, ಒಣಗಿದ ತೆಂಗಿನ ಗರಿ ಎಳೆದುಕೊಂಡು ಬರುವ ಹಾಗೆ. ಹತ್ತಿರ ಹೋಗಿ ನೋಡಿದರೆ ಕಾಲುವೆ ತುಂಬ ಕೆಂಪು ನೀರು. ನೊರೆ, ತರಗು, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಬಾಟಲಿ ಎಲ್ಲವನ್ನೂ ತಳ್ಳಿಕೊಂಡು ಬರುತ್ತಿತ್ತು. ನಾವು ಈಗಷ್ಟೇ ದಾಟಿದ್ದ ಕಲ್ಲುಗಳು ನೋಡನೋಡುತ್ತಿದ್ದಂತೆ ಮುಳುಗಿದವು.

"ಅಯ್ಯೋ, ನೀರು ಬಂದ್ಬುಡ್ತು!" ಎಂದಳು ಅವ್ವ. ಹೆದರಿಕೆಯಲ್ಲ, ಆಶ್ಚರ್ಯ. ಒಂದು ಕ್ಷಣ ನಾವಿಬ್ಬರೂ ಸಿಕ್ಕಿಬಿದ್ದಿದ್ದೇವೆ ಎನ್ನುವುದನ್ನೇ ಮರೆತು ನೀರು ನೋಡುತ್ತ ನಿಂತೆವು.

ಅಪ್ಪನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಊರಿಗೂ ಸುದ್ದಿ ಹೋಗಿತ್ತು. ಆಚೆ ದಡಕ್ಕೆ ಅಪ್ಪ, ಭಾಯ್, ಅವರ ಹಿಂದೆ ಅರ್ಧ ಊರು ಬಂತು. ಜನ ಬಂದದ್ದು ನೀರು ನೋಡಲು. ನಾವು ಜೊತೆಗೆ ಸಿಕ್ಕ ತಮಾಷೆ.

"ಅಲ್ಲೇ ಕುಂತ್ಕೊಳೇ!" ಅಪ್ಪ ಕೂಗಿದರು. "ಮೀನು ಇಡಿಯೋರ ತೆಪ್ಪ ತತ್ತೀವಿ!"

"ಕುಂತ್ಕಳಕಿಲ್ಲ!" ಅವ್ವ ಇಲ್ಲಿಂದ ಕೂಗಿದಳು. "ಸೋಮ್ವಾರ ಬಸ್ಸಿಗೂ ತೆಪ್ಪದಲ್ಲೇ ಅತ್ತುಸ್ತೀರಾ?"

ಆಚೆ ಜನ ನಕ್ಕರು. ಭಾಯ್ ಎರಡೂ ಕೈ ಬಾಯಿಗೆ ಹಿಡಿದು, "ಮ್ಯಾಲೆ ಮೋರಿ ಅದೆ ಅಕ್ಕ! ಗಾಡಿ ರಸ್ತೆ ಮೋರಿ! ಆದ್ರೆ ದಡ ಅತ್ತಬೇಕು!" ಎಂದರು.

ಮೋರಿಯೆಂದರೆ ಗಾಡಿ ರಸ್ತೆ ಕಾಲುವೆ ದಾಟುವ ಕಿರುಸೇತುವೆ, ದಡವೆಂದರೆ ಬಿಳಿದಡ. ನಮ್ಮ ಪಕ್ಕದಲ್ಲಿ ಅದು ಸ್ವಲ್ಪ ಒರಗಿತ್ತು. ಹಿಂದೆ ಸುಣ್ಣಕಲ್ಲು ಅಗೆದವರು ಬಿಟ್ಟುಹೋದ ಮೆಟ್ಟಿಲಿನಂಥ ಕಚ್ಚುಗಳು ಮೇಲಿನವರೆಗೂ ಇದ್ದವು. ಒಂದೊಂದೂ ಮೊಣಕಾಲೆತ್ತರ. ಅವ್ವ ಅದನ್ನು ನೋಡುತ್ತ ನಿಂತಳು.

"ಬಸ್ಸಿನ ಮೆಟ್ಲಷ್ಟೇ ಅದೆ ಕಣಮ್ಮಿ," ಎಂದಳು.

ಬೇಡ ಎನ್ನುವ ಮಾತು ನನ್ನ ಬಾಯಿಗೆ ಬಂತು. ಫಿಸಿಯೋಥೆರಪಿಯ ಮೇಡಂ ಹೇಳಿಕೊಟ್ಟದ್ದನ್ನು ಮಾತ್ರ ಹೇಳಿದೆ: "ಹತ್ತುವಾಗ ಒಳ್ಳೇ ಕಾಲು ಮೊದಲು ಅವ್ವ."

ಅವಳು ಪೈಪಿನ ಕೋಲನ್ನು ಮೇಲಿನ ಕಚ್ಚಿಗೆ ಎಸೆದಳು. ಬಲಗಾಲು ಇಟ್ಟಳು, ಕಲ್ಲಿನ ತೂತಿಗೆ ಬೆರಳು ಸಿಕ್ಕಿಸಿದಳು, ಎಡಗಾಲನ್ನು ಎಳೆದುಕೊಂಡಳು. ಕೋಲು ಎತ್ತಿ ಮತ್ತೆ ಮೇಲೆಸೆದಳು. ನಾನು ಹಿಂದೆ ಕೈ ಚಾಚಿಕೊಂಡು ಹತ್ತಿದೆ. ಇನ್ನೇನು ಮೇಲೆ ತಲುಪಬೇಕು, ಕಚ್ಚಿನ ಅಂಚು ಪುಡಿಯಾಗಿ ಉದುರಿತು. ಅವ್ವ ಮೊಣಕಾಲ ಮೇಲೆ ಬಿದ್ದಳು. ನನ್ನ ತಲೆ ತುಂಬ ಸುಣ್ಣದ ಪುಡಿ. ಆಚೆ ದಡದಲ್ಲಿ ನಗು ನಿಂತಿತು.

ಅವಳ ಉಸಿರು ನನಗೆ ಕೇಳುತ್ತಿತ್ತು. ಅವಳ ಎಡಗಾಲು ನನ್ನ ಕಣ್ಣೆದುರಿಗೇ ಇತ್ತು, ಹೊಲಿಗೆಯ ಗುರುತು ಕೂಡ ಕಾಣುತ್ತಿತ್ತು. ಹಿಡಿಯಲು ಹೋದೆ.

"ಮುಟ್ಟಬ್ಯಾಡ."

ಆ ಎಡಗಾಲನ್ನೇ ಮುಂದೆ ಇಟ್ಟಳು. ಬಲಗಾಲು ಇಡಲು ಅಲ್ಲಿ ಜಾಗವಿರಲಿಲ್ಲ. ಹರಡು ಒಮ್ಮೆ ಅದುರಿತು. ಆಮೇಲೆ ಅವಳ ಇಡೀ ಭಾರ ಅದರ ಮೇಲೆ ಏರಿತು, ಅದು ತಡೆಯಿತು. ಮುಂದಿನ ಕ್ಷಣದಲ್ಲಿ ಅವಳು ಮೇಲಿದ್ದಳು.

ಮೋರಿಯ ಹತ್ತಿರ ಅಪ್ಪ ಓಡಿಬಂದಿದ್ದರು. ಬೈಯುವುದೋ ನಗುವುದೋ ತಿಳಿಯದೆ, "ಬಿದ್ಯಲ್ಲೇ!" ಎಂದರು.

"ಮೊಣಕಾಲೂರ್ದೆ. ಕುಂತಿಲ್ಲ. ನಿಮ್ಮ ಮಗಳ್ನ ಕೇಳಿ, ಅವಳೇ ಲೆಕ್ಕ ಇಡೋಳು."

ಎಲ್ಲರೂ ನನ್ನ ಮುಖ ನೋಡಿದರು. ನಾನು ನಿಜವಾಗಿಯೂ ಯೋಚಿಸಿದೆ. ಭಾಯ್ ಅಂಪೈರಿನ ಹಾಗೆ ತಲೆ ಅಡ್ಡ ಆಡಿಸಿ, "ನಾಟೌಟ್ ಅಕ್ಕ" ಎಂದರು. "ನಾಟೌಟ್," ಎಂದೆ ನಾನೂ.

ಹೊಸ ನೀರಿಗೆ ಅರಿಶಿನ ಕುಂಕುಮ ಹಾಕದೆ ನಮ್ಮ ಊರಿನ ಹೆಂಗಸರು ದಾಟುವುದಿಲ್ಲ. ತಟ್ಟೆ ಹಿಡಿದವರು ಇನ್ನೂ ಏರಿಯ ಮೇಲಿದ್ದರು. ಅವ್ವ ಕಾಯಲಿಲ್ಲ. ರಸ್ತೆ ಬದಿಯ ತಂಗಡಿ ಗಿಡದಿಂದ ಒಂದು ಹೂಗೊಂಚಲು ಕಿತ್ತು ಮೋರಿಯ ಮೇಲಿಂದ ನೀರಿಗೆ ಹಾಕಿ, ಸುಣ್ಣ ಮೆತ್ತಿದ ಕೈ ಮುಗಿದು, ದಾಟಿದಳು. ಭಾಯ್ ಬೈಕು ತಿರುಗಿಸಿ ನಿಂತಿದ್ದರು. ಹತ್ತಲಿಲ್ಲ. ಮನೆಯವರೆಗೂ ನಡೆದಳು. ಆ ದಿನದ ಗೆರೆಯಲ್ಲಿ ಸೊನ್ನೆ ಬರೆದೆ. ಪಕ್ಕದಲ್ಲಿ 'ನೀರು ಬಂತು' ಎಂದೂ ಬರೆದೆ.

ಸೋಮವಾರ ಬೆಳಿಗ್ಗೆ ಬಸ್ಸು ಬಂದಾಗ ಕೋಲು ಮನೆಯ ಬಾಗಿಲ ಹಿಂದೆ ಇತ್ತು. ಅವ್ವ ಬಸ್ಸಿನ ಬಾಗಿಲ ಮುಂದೆ ನಿಂತು ಮೆಟ್ಟಿಲನ್ನೇ ನೋಡಿದಳು. ಒಳಗಿಂದ ಒಬ್ಬಳು, "ಏನಕ್ಕಾ, ಮುಹೂರ್ತ ನೋಡ್ತಿದ್ದೀಯಾ? ಅತ್ತು ಮತ್ತೆ!" ಎಂದಳು.

"ಸುಮ್ಕಿರೇ. ನಿನ್ನೆ ಇಂತವು ಬೇಕಾದಷ್ಟು ಅತ್ತಿವ್ನಿ," ಎಂದು ಬಲಗಾಲು ಮೇಲಿಟ್ಟಳು. ಕಂಬಿ ಹಿಡಿದದ್ದು ಒಂದೇ ಕೈಯಲ್ಲಿ. ಇನ್ನೊಂದರಲ್ಲಿ ಊಟದ ಡಬ್ಬಿ.

ಸಂಜೆ ಇಳಿಯುವಾಗ ನಾನು ಊರ ಮುಂದೆ ಕಾಯುತ್ತಿದ್ದೆ. ನೋವಿನ ಕಾಲು ಮೊದಲು ಇಟ್ಟು, ನಿಧಾನವಾಗಿ, ಹಿಂದಿದ್ದವರನ್ನೆಲ್ಲ ಕಾಯಿಸಿ ಇಳಿದಳು. ಪಾದ ಊದಿತ್ತು. ಮನೆಗೆ ಬಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು. ಕೆರೆಯ ನೀರು ಆಗಲೇ ಬಿಳಿದಡದ ಬುಡ ಮುಟ್ಟಿ, ನಮ್ಮ ದಾರಿ ಮುಳುಗಿತ್ತು.

ಅದನ್ನು ಹೇಳಿದೆ.

"ಓಗ್ಲಿ ಬುಡು," ಎಂದಳು ಅವ್ವ, ಇನ್ನೂ ಸ್ವಲ್ಪ ಬಿಸಿನೀರು ಹೊಯ್ಯುವಂತೆ ಕೈ ತೋರಿಸುತ್ತ. "ಭಾನ್ವಾರ ದಡದ ಮ್ಯಾಲಿಂದ ದಾರಿ ಅದಾ ನೋಡವಾ."